ಮಗು ಒಪ್ಪದ ಬಟ್ಟೆ

ಬಟ್ಟೆಯನ್ನು ಮೂಗಿನ ಹತ್ತಿರ ಇಟ್ಟ ಕೂಡಲೇ ಮಗು ಮುಖ ತಿರುಗಿಸಿತು. ನರ್ಸ್ ಅದನ್ನು ಇನ್ನೊಂದು ಪಕ್ಕಕ್ಕಿಟ್ಟರು. ಮಗು ಆ ಪಕ್ಕವನ್ನೂ ಒಲ್ಲೆನೆಂದಿತು. ನಿನ್ನೆಯೂ ಇದೇ ಹಾಡು.

ತಿಂಗಳು ತುಂಬುವ ಮೊದಲೇ ಹುಟ್ಟಿದ್ದರಿಂದ ಹಾಲು ಮೂಗಿನ ಕೊಳವೆಯಲ್ಲಿ ನೇರ ಹೊಟ್ಟೆಗೆ ಹೋಗುತ್ತಿತ್ತು. ಹೊಟ್ಟೆ ತುಂಬಿದರೂ ಬಾಯಿಗೆ ಅದರ ಸುದ್ದಿಯೇ ಇಲ್ಲ. ಅದಕ್ಕೇ ಪ್ರತಿ ಸಲವೂ ತುಟಿಗೆ ಒಂದು ಹನಿ ಹಾಲು, ಮೂಗಿನ ಬಳಿ ತಾಯಿ ರಾತ್ರಿಯೆಲ್ಲ ಎದೆಗವಚಿ ಮಲಗಿದ ಬಟ್ಟೆಯ ತುಂಡು. ಆ ವಾಸನೆಗೆ ಮಗು ಕಳೆದ ವಾರ ಬಾಯಿ ಚಪ್ಪರಿಸುತ್ತಿತ್ತು. ಇವತ್ತು ಮೊದಲ ಸಲ ಎದೆಗೆ ಹಾಕಿ ನೋಡಬೇಕಿತ್ತು. ಹೀಗೆ ಮುಖ ತಿರುಗಿಸಿದರೆ ಇನ್ನಷ್ಟು ದಿನ ಕೊಳವೆಯೇ ಗತಿ ಎಂದು ನರ್ಸ್ ಹೇಳಿದಾಗ ತಾಯಿಯ ಕಣ್ಣು ತುಂಬಿತು.

ನರ್ಸ್‌ಗೆ ಏನೋ ಅನುಮಾನ ಬಂತು. ಮಾಸ್ಕ್ ಸರಿಸಿ ಬಟ್ಟೆಯನ್ನು ತಮ್ಮ ಮೂಗಿಗೇ ಹಿಡಿದರು. ಘಮಘಮ ಎನ್ನುತ್ತಿತ್ತು. ಇಸ್ತ್ರಿಯ ಗೆರೆಯೂ ಮಾಸಿರಲಿಲ್ಲ.

"ಇದನ್ನ ಒಗೆದಿದ್ದು ಯಾರು?"

ಬೆಳಿಗ್ಗೆ ಮನೆಯಿಂದ ಬಟ್ಟೆ ತಲುಪಿಸುವುದು ಪಕ್ಕದಲ್ಲೇ ನಿಂತಿದ್ದ ಅತ್ತೆಯ ಜವಾಬ್ದಾರಿ. ಸ್ವಂತ ಲಾಂಡ್ರಿ ನಡೆಸುವ ಹೆಂಗಸು. ಸೊಸೆಯ ಬೆವರು, ಹುಳಿ ಹಾಲಿನ ಕಲೆ ಹತ್ತಿದ ಚಿಂದಿಯನ್ನು ಮೊಮ್ಮಗಳ ಮೂಗಿಗೆ ಹಿಡಿಯುವುದನ್ನು ಆಕೆಯಿಂದ ನೋಡಲಾಗಿರಲಿಲ್ಲ. ಎರಡು ದಿನದಿಂದ ಬಿಸಿನೀರಿನಲ್ಲಿ ಒಗೆದು, ಸುವಾಸನೆಯ ದ್ರವ ಹಾಕಿ, ಇಸ್ತ್ರಿ ಮಾಡಿ ತರುತ್ತಿದ್ದರು. ಹಾಗೆಂದು ಹೇಳುವಾಗ ಅವರ ದನಿಯಲ್ಲಿ ಎಳ್ಳಷ್ಟೂ ಅಳುಕಿರಲಿಲ್ಲ.

"ನೀವು ಒಗೆದು ಹಾಕಿದ್ದೇ ಅವಳ ಊಟದ ವಾಸನೆ, ಅಮ್ಮ," ಎಂದರು ನರ್ಸ್.

ಸೊಸೆಗೆ ಸಿಟ್ಟು ನೆತ್ತಿಗೇರಿತು. ಆದರೆ ಜಗಳಕ್ಕೆ ಈಗ ಪುರುಸೊತ್ತಿರಲಿಲ್ಲ. ಬೆಳಗಿನಿಂದ ಅಂಗಿಯೊಳಗೆ ಹಾಲಿಗೆ ನೆನೆದಿದ್ದ ಕರವಸ್ತ್ರವನ್ನು ತೆಗೆದು ಮಗಳ ಮುಖದ ಬಳಿ ಇಟ್ಟಳು. ಮೂಗಿನ ಹೊಳ್ಳೆಗಳು ಅರಳಿದವು. ನಾಲಿಗೆಯ ತುದಿ ಹೊರಗೆ ಬಂತು. ನರ್ಸ್ ತಡಮಾಡದೆ ಎದೆಗೆ ಹಾಕಿಸಿದರು. ಮಗು ಒಮ್ಮೆ ಚೀಪಿ ನಿಲ್ಲಿಸಿತು, ಉಸಿರೆಳೆದುಕೊಂಡಿತು, ಮತ್ತೆ ಚೀಪಿತು. ಗುಟುಕ್ಕೆಂದು ನುಂಗಿದ ಸದ್ದು ಮೂವರಿಗೂ ಕೇಳಿಸಿತು. ತಾಯಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಅಂಗೈಯಗಲದ ಜೀವ ತನಗೆ ಬೇಕಾದ್ದನ್ನೇ ಹಠ ಹಿಡಿದು ಪಡೆದಿತ್ತು.

ಹೊರಗೆ ಮಗುವಿನ ಅಪ್ಪ ಕಾಯುತ್ತಿದ್ದ. ಹೊರಬಂದ ತನ್ನ ಅಮ್ಮನನ್ನು ಕಂಡೊಡನೆ ಎದ್ದು, ಮಗು ಹಾಲು ಕುಡಿಯಿತೇ ಎಂದು ಕೇಳಿದ. ಆಕೆ ಬೆಂಚಿನ ಮೇಲೆ ಕೂತವರಿಗೆಲ್ಲ ಕೇಳುವಂತೆ ಎದೆಯುಬ್ಬಿಸಿ ಹೇಳಿದರು:

"ಕುಡಿದ್ಲು. ಅದಿರ್ಲಿ, ನನ್ನ ಒಗೆತ ಬೇಡ ಅಂತ ಮುಖ ತಿರುಗಿಸಿದ್ಲು ಕಣೋ. ಇಷ್ಟು ವರ್ಷ ಅಂಗಡಿ ನಡೆಸಿದ್ದೀನಿ, ಯಾವ ಗಿರಾಕಿಗೂ ಆ ಧೈರ್ಯ ಬಂದಿರಲಿಲ್ಲ."