ಒಂದು ಲೋಟ ನೀರಿನ ಹೊತ್ತು

"ಏಳ್ರಿ, ಎಲ್ಲರೂ ತಾರಸಿಗೆ ನಡೀರಿ. ಮೈಗೆ ಒಂದಿಷ್ಟು ಬಿಸಿಲು ಬೀಳಲಿ." ಅತ್ತೆ ಟಿವಿ ಆರಿಸಿಯೇ ಬಿಟ್ಟರು. ಆ ದಿನದ ಸಾವುಗಳ ಸುದ್ದಿ ನೋಡುತ್ತಿದ್ದ ಗಂಡಸರು ಮೂವರೂ ಬೆಚ್ಚಿ ತಲೆಯೆತ್ತಿದರು.

"ಈ ಉರಿಬಿಸಿಲಲ್ಲಾ?" ಎಂದರು ಮಾವ.

"ಕೂತು ಕೂತು ಬೂಷ್ಟು ಹಿಡೀತಿದೀರಿ. ಏಳಿ."

"ಇವಳು ಬರಲ್ವಾ?" ಮಗ ಹೆಂಡತಿಯ ಕಡೆ ಕೈ ತೋರಿಸಿದ.

"ಅವಳ ಹತ್ರ ನಂಗೆ ಕೆಲಸ ಇದೆ."

ಗುಟ್ಟು ಬಯಲಾಯಿತೇನೋ ಎಂದು ಸೊಸೆ ಹೊಲಿಗೆ ನಿಲ್ಲಿಸಿದಳು. ಅವಳ ಮಾತ್ರೆಯ ವಿಷಯ ಈ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎದೆಯ ಮೇಲೆ ಬಂಡೆ ಕೂತಂತಾಗಿ ಅಳುವುದಕ್ಕೂ ಆಗದೆ ಒದ್ದಾಡಿದ ದಿನಗಳಲ್ಲಿ ಡಾಕ್ಟರು ಬರೆದುಕೊಟ್ಟದ್ದು ಅದು. ಮಧ್ಯದಲ್ಲಿ ನಿಲ್ಲಿಸಲೇಬೇಡಿ ಎಂದಿದ್ದರು. ಮನಸ್ಸಿನ ಮಾತ್ರೆ ಎಂದರೆ ಹುಚ್ಚಿ ಅಂದುಕೊಂಡಾರು ಎಂಬ ಅಂಜಿಕೆಗೆ ಅದನ್ನು ಟೈಲರ್ ಅಂಗಡಿಯಲ್ಲಿ, ತನ್ನ ಮಿಷನ್ನಿನ ಡ್ರಾಯರಿನಲ್ಲೇ ಇಟ್ಟುಕೊಂಡಿದ್ದಳು. ಊಟವಾದ ಮೇಲೆ ನುಂಗಿ ಮತ್ತೆ ಕಾಲರ್ ಹೊಲಿಯಲು ಕೂರುತ್ತಿದ್ದಳು.

ರೋಗ ಹಬ್ಬಿ ಅಂಗಡಿ ಮುಚ್ಚಿದಾಗ ಮಾತ್ರೆಯೂ ದಾರದ ಡಬ್ಬಿಯಲ್ಲಿ ಅಡಗಿ ಅವಳ ಜೊತೆ ಮನೆಗೆ ಬಂತು. ಆದರೆ ಇಲ್ಲಿ ಅದನ್ನು ನುಂಗಲು ಜಾಗವೇ ಇರಲಿಲ್ಲ. ಅಡುಗೆಮನೆಗೆ ಹೋದರೆ ಮೈದುನ ಬಂದು ಡಬ್ಬಿ ತಡಕುತ್ತಿದ್ದ. ಬಚ್ಚಲಿಗೆ ಹೋದರೆ ಯಾರಾದರೂ ಬಾಗಿಲು ಬಡಿಯುತ್ತಿದ್ದರು. ನಾಳೆ ತಗೊಂಡರಾಯಿತು ಎಂದು ದೂಡುತ್ತಾ ಹೋದಳು. ಕಣ್ಣಿಗೆ ನಿದ್ದೆ ಹತ್ತದಾಯಿತು. ಬೀದಿಯಲ್ಲಿ ಆಂಬುಲೆನ್ಸ್ ಕೂಗಿದರೆ ಎದ್ದೆದ್ದು ಕಿಟಕಿ ಮುಚ್ಚತೊಡಗಿದಳು. ಅಕ್ಕಪಕ್ಕದವರಿಗೆಂದು ಹೊಲಿಯುತ್ತಿದ್ದ ಮಾಸ್ಕುಗಳ ಮೇಲೆ ಹೊಲಿಗೆ ಸೊಟ್ಟಸೊಟ್ಟಗೆ ಓಡಿತು.

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಅಡಗಿತು. ಅತ್ತೆ ದಾರದ ಡಬ್ಬಿ ತಂದು ಅವಳ ಮುಂದಿಟ್ಟು, ಉಂಡೆಗಳ ಅಡಿಯಿಂದ ಮಾತ್ರೆಯ ಪಟ್ಟಿ ಎಳೆದರು. "ನಿಮ್ಮ ಮಾವನ ಅಂಗಿಗೆ ಗುಂಡಿ ಹಾಕೋಣ ಅಂತ ತೆಗೆದೆ. ಇದು ಸಿಕ್ತು."

"ಅದು... ತಲೆನೋವಿಗೆ, ಅತ್ತೆ."

"ಯಾತಕ್ಕೆ ಅಂತ ನಾನು ಕೇಳಿದ್ನಾ? ಒಂದೂ ಒಡೆದಿಲ್ವಲ್ಲೇ, ಅದನ್ನ ಕೇಳ್ತಿರೋದು."

"ಎಲ್ಲಿ ನುಂಗಲಿ ಅತ್ತೆ?" ಇಷ್ಟು ದಿನ ಕಟ್ಟಿಕೊಂಡಿದ್ದೆಲ್ಲ ಆ ಒಂದು ಮಾತಿನಲ್ಲಿ ಒಡೆದುಹೋಯಿತು. ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಅತ್ತೆ ಸಮಾಧಾನ ಹೇಳಲಿಲ್ಲ. ಫೋನು ಕೈಗಿಟ್ಟರು. "ಮೊದಲು ನಿಮ್ಮ ಡಾಕ್ಟರಿಗೆ ಮಾಡು. ಬಿಟ್ಟಿದ್ದನ್ನ ಮತ್ತೆ ಹೇಗೆ ಶುರು ಮಾಡೋದು ಕೇಳು. ಗಟ್ಟಿಯಾಗೇ ಮಾತಾಡು, ನಾನು ಬಾಗಿಲಲ್ಲಿರ್ತೀನಿ." ಮೆಟ್ಟಿಲ ಬಾಗಿಲು ಮುಂದೆ ಮಾಡಿ, ಅದಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಟ್ಟರು.

ಡಾಕ್ಟರು ಬೈಯಲಿಲ್ಲ. ಎಷ್ಟು ದಿನ ಬಿಟ್ಟಿದ್ದಳೆಂದು ಕೇಳಿ, ಇವತ್ತಿನಿಂದಲೇ ಅರ್ಧ ಮಾತ್ರೆ ಶುರು ಮಾಡಿ, ವಾರ ಬಿಟ್ಟು ಫೋನ್ ಮಾಡಿ ಎಂದರು. ಅವಳು ಲೋಟದ ತುಂಬ ನೀರು ತಂದು ಗೋಡೆಗೊರಗಿ ಕೂತು ಅರ್ಧ ಮಾತ್ರೆ ನುಂಗಿದಳು. ಹೀಗೆ ಕೂತು ಮಾತ್ರೆ ನುಂಗಿ ಎಷ್ಟು ಕಾಲವಾಗಿತ್ತೋ.

ಮೇಲಿಂದ ಮೈದುನ ಕೂಗಿದ. "ಅಮ್ಮಾ, ಬೆಂದುಹೋದ್ವಿ! ಇಳೀಬಹುದಾ?"

"ಇನ್ನೊಂದು ಮಗ್ಗುಲೂ ಬೇಯಲಿ, ಅಲ್ಲೇ ಇರೋ!"

ಸೊಸೆಗೆ ಅಳುವಿನ ನಡುವೆಯೇ ನಗು ಉಕ್ಕಿ ನೀರು ನೆತ್ತಿಗೇರಿತು. ಅತ್ತೆಯ ಕಾಲು ಹಿಡಿದುಕೊಳ್ಳಬೇಕೆನಿಸಿತು. ಹಿಡಿದರೆ ಬೈಯುತ್ತಾರೆ ಎಂದುಕೊಂಡು ಇನ್ನೊಂದು ಲೋಟ ನೀರು ಬಗ್ಗಿಸಿ ತಂದುಕೊಟ್ಟಳು. "ತಗೊಳ್ಳಿ ಅತ್ತೆ. ಬೆವೆತುಹೋಗಿದೀರಿ. ನಿಮ್ಮಿಂದ ನನಗೆ..."

"ನಾಳೇನೂ ಇದೇ ಹೊತ್ತಿಗೆ ಅಟ್ತೀನಿ ಅವರನ್ನ," ಎಂದರು ಅತ್ತೆ, ಆ ಮಾತು ಮುಗಿಯಗೊಡದೆ. ಒಂದು ಗುಟುಕು ಕುಡಿದು ಲೋಟವನ್ನು ಮಡಿಲಲ್ಲಿಟ್ಟುಕೊಂಡರು.

"ನಿನ್ನ ಗಂಡ ಹುಟ್ಟಿದಾಗ ನಂಗೂ ಇಂಥದ್ದೇ ಬರೆದುಕೊಟ್ಟಿದ್ರು. ಒಲೆಗೆ ಹಾಕಿದೆ. ಅವತ್ತು ಯಾರಾದ್ರೂ ಇಷ್ಟು ಹೊತ್ತು ಬಾಗಿಲಲ್ಲಿ ಕೂತಿದ್ದಿದ್ರೆ ನಾನೂ ನುಂಗ್ತಿದ್ದೆ ಕಣೆ."