ಫಲಶ್ರುತಿ

ದೇವರು ಇದ್ದಾನೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಬರೆಯುತ್ತ ಹೋದರೆ ತಿಳಿದೀತು ಎಂದು ಒಂದು ಸ್ತೋತ್ರ ಬರೆದೆ. ಅದರಲ್ಲಿ ಅವನನ್ನು ಏನೂ ಬೇಡಿರಲಿಲ್ಲ, 'ಎಲ್ಲಿದ್ದೀಯಪ್ಪಾ?' ಎಂದಷ್ಟೇ ಕೇಳಿದ್ದೆ. ನಮ್ಮ ಬೀದಿಯ ಭಜನಾ ಮಂಡಳಿಯವರು ಹಾಡಲಿ ಎಂಬ ಆಸೆಯಿಂದ ಅಲಮೇಲಮ್ಮನವರಿಗೆ ಕೊಟ್ಟೆ. ಮಂಡಳಿಯಲ್ಲಿ ಅವರು ಹೇಳಿದ್ದೇ ಕೊನೆಯ ಮಾತು.

ಅವರು ಓದಿ ಮುಗಿಸಿ, ಹಾಳೆ ತಿರುಗಿಸಿ ಹಿಂಬದಿಯನ್ನೂ ನೋಡಿದರು.

"ಚೆನ್ನಾಗೇನೋ ಇದೆ. ಫಲಶ್ರುತಿ ಎಲ್ರೀ?"

"ಅದ್ಯಾಕೆ ಬೇಕು?"

"ಹಾಡಿದವರಿಗೆ ಏನು ಸಿಗುತ್ತೆ ಅಂತ ಕೊನೇಲಿ ಬರೀಬೇಡ್ವಾ? ಧನ, ಸಂತಾನ, ಆರೋಗ್ಯ, ಏನಾದ್ರೂ ಒಂದು. ನನಗಂತೂ ಈ ಮಂಡಿನೋವು ಹೋದ್ರೆ ಸಾಕಾಗಿದೆ. ಸುಮ್‌ಸುಮ್ನೆ ಯಾರು ಹಾಡ್ತಾರೆ?"

ನನಗೆ ರೇಗಿಹೋಯಿತು. ಪೆನ್ನು ತೆಗೆದು ಅಲ್ಲೇ ಬರೆದೆ: 'ಇದನ್ನು ನಿತ್ಯ ಹಾಡುವವರಿಗೆ ಧನ ಬಾರದು, ಮಂಡಿನೋವು ಹೋಗದು, ಏನೆಂದರೆ ಏನೂ ಸಿಗದು.'

ಅಲಮೇಲಮ್ಮ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಹಾಳೆ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದರು. ಅಲ್ಲಿಗೆ ನನ್ನ ಸ್ತೋತ್ರದ ಕಥೆ ಮುಗಿಯಿತು ಎಂದುಕೊಂಡೆ.

ಮುಂದಿನ ತಿಂಗಳು ಅವರೇ ಕುಂಟುತ್ತಾ ನಮ್ಮ ಮನೆಯ ಮೆಟ್ಟಿಲು ಹತ್ತಿ ಬಂದರು. ಮುಖದಲ್ಲಿ ಕಳೆಯೋ ಕಳೆ.

"ದಿನಾ ಹಾಡ್ತಿದೀವಿ ಕಣ್ರೀ. ಮಂಡಿನೋವು ಒಂಚೂರೂ ಕಮ್ಮಿ ಆಗಿಲ್ಲ!"

"ಮತ್ತೆ ಇಷ್ಟೊಂದು ಖುಷಿ ಯಾಕೆ?"

"ಹುಟ್ಟಿದಾಗಿಂದ ಎಷ್ಟು ಸ್ತೋತ್ರ ಹೇಳಿದೀನೋ, ಫಲಶ್ರುತೀಲಿ ಬರ್ದಿರೋದು ಬರ್ದಿರೋ ಹಾಗೇ ನಡೆದಿದ್ದು ಇದೊಂದರಲ್ಲೇ!"