ಬ್ರೇಕ್ ಪೆಡಲ್

ಮನೆಯ ಹಿಂದಿನ ಶೆಡ್ಡಿನಲ್ಲಿ, ಬಿಡಿಭಾಗಗಳನ್ನು ತರಿಸಿ ಅವನೇ ಕಾರು ಜೋಡಿಸುತ್ತಿದ್ದ. ಬ್ರೇಕಿನ ಪೈಪಿನಿಂದ ಗಾಳಿ ತೆಗೆಯಲು ಇಬ್ಬರು ಬೇಕು. ಅವನು ಜಾಕ್ ಕೊಟ್ಟು ಎತ್ತಿದ ಕಾರಿನಡಿ ಮಲಗಿ ನಟ್ಟು ಸಡಿಲಿಸುವಾಗ ಹೆಂಡತಿ ಸೀಟಿನಲ್ಲಿ ಕೂತು ಪೆಡಲ್ ಒತ್ತಿ ಹಿಡಿಯಬೇಕು.

ಹೋದ ಸಲ ಅವಳು ಮೊದಲೇ ಕಾಲು ಎತ್ತಿದ್ದಳು. ಪೈಪಿಗೆ ಮತ್ತೆ ಗಾಳಿ ಹೊಕ್ಕಿತ್ತು. ಅವಳ ಕೆನ್ನೆಯ ಬಾವು ಇನ್ನೂ ಇಳಿದಿರಲಿಲ್ಲ.

"ನಾನು ಬಿಡು ಅನ್ನೋ ತನಕ ಕಾಲು ತೆಗೀಬಾರ್ದು. ಮನೆಗೆ ಬೆಂಕಿ ಬಿದ್ರೂ ಅಷ್ಟೇ. ಗೊತ್ತಾಯ್ತಾ?"

"ಹೂಂ ರೀ."

"ಒತ್ತು."

ಒತ್ತಿದಳು. ಜಾಕ್ ಜಾರಿ ಕಾರು ಕೆಳಗೆ ಕೂತಿತು. ಅಡಿಯಿಂದ ಅವನು ಅವಳ ಹೆಸರು ಹಿಡಿದು ಕೂಗಿದ, ಆಮೇಲೆ ಸುಮ್ಮನಾದ.

ಸಂಜೆ ಪಕ್ಕದ ಮನೆಯವರು ಬಂದು ನೋಡಿದಾಗ ಅವಳು ಪೆಡಲ್ ಒತ್ತಿಕೊಂಡು ಕೂತೇ ಇದ್ದಳು.

"ಇಳಿದು ಯಾರನ್ನಾದ್ರೂ ಕರೀಬಾರ್ದಿತ್ತೇನಮ್ಮಾ?"

"ಬಿಡು ಅಂತ ಅವರಿನ್ನೂ ಹೇಳಿಲ್ಲ."